ಯೂರಿನ್ ಬ್ಯಾಗ್ ನೇರಳೆಯಾಯಿತು, ವಾಸನೆ ಹೋಗುತ್ತಿಲ್ಲ: ಮಾವನವರ ಪೈಪು ಎಷ್ಟು ದಿನ ಇರಬೇಕು?

ಪ್ರಶ್ನೆ: ನಮ್ಮ ಮಾವನವರಿಗೆ 76 ವರ್ಷ. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಮೇಲೆ ಮೂತ್ರ ಕಟ್ಟಿಕೊಂಡಿತೆಂದು ಕ್ಯಾಥೆಟರ್ ಹಾಕಿದರು, ಪೈಪಿನ ಸಮೇತ ಮನೆಗೆ ಕಳಿಸಿದರು. ಈಗ ಏಳು ವಾರ. ನಡುವೆ ಒಮ್ಮೆ ಬದಲಿಸಿದ್ದಾರೆ. ಮೂತ್ರ ಮಬ್ಬಾಗಿರುತ್ತದೆ, ಕೆಟ್ಟ ವಾಸನೆ. ಚೀಲದಿಂದ ಮೂತ್ರ ತೆಗೆದು ಟೆಸ್ಟಿಗೆ ಕೊಟ್ಟರೆ ಇನ್‌ಫೆಕ್ಷನ್ ಅಂತ ಬಂತು. ಎರಡು ಸಲ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದೆವು, ವಾರಕ್ಕೇ ವಾಸನೆ ವಾಪಸ್. ಜ್ವರ ಇಲ್ಲ, ಊಟ ಸರಿಯಾಗಿ ಮಾಡುತ್ತಾರೆ. ಕಳೆದ ವಾರ ಚೀಲವೆಲ್ಲ ನೇರಳೆ ಬಣ್ಣಕ್ಕೆ ತಿರುಗಿತು, ನಾವು ಬೆಚ್ಚಿಬಿದ್ದೆವು. ಪೈಪಿನ ಪಕ್ಕದಿಂದ ಸೋರಿ ಹಾಸಿಗೆ ಒದ್ದೆಯಾಗುತ್ತದೆ. ದಪ್ಪ ಪೈಪು ಹಾಕಿಸಿ ಎನ್ನುತ್ತಾರೆ ಒಬ್ಬರು. ಎರಡೆರಡು ಗಂಟೆ ಪೈಪು ಕಟ್ಟಿಡಿ, ಮೂತ್ರಕೋಶಕ್ಕೆ ವ್ಯಾಯಾಮ ಆಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ನಮಗೆ ತೊಂದರೆ ಆಗದಿರಲಿ ಎಂದು ಮಾವನವರೇ ನೀರು ಕುಡಿಯುವುದು ಕಡಿಮೆ ಮಾಡಿದ್ದಾರೆ. ಮಲವಿಸರ್ಜನೆ ನಾಲ್ಕೈದು ದಿನಕ್ಕೊಮ್ಮೆ. ಈಗ ವಾಕರ್ ಹಿಡಿದು ಬಾತ್‌ರೂಮಿನವರೆಗೆ ನಡೆಯುತ್ತಾರೆ. ಪೈಪು ತೆಗೆಸಿದರೆ ಮತ್ತೆ ಕಟ್ಟಿಕೊಳ್ಳುತ್ತದಾ? ತೆಗೆಸಿ ಡೈಪರ್ ಹಾಕಿದರೆ ಆಗುತ್ತದಾ?

ಉತ್ತರ: ಪ್ರಶ್ನೆ ಹಲವಿದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ: ಮಾವನವರ ಒಳಗೆ ಏನೋ ಕೆಡುತ್ತಿದೆ, ನಮಗೆ ಗೊತ್ತಾಗುತ್ತಿಲ್ಲ ಎನ್ನುವುದು. ಯುರಾಲಜಿ (ಮೂತ್ರರೋಗ) ವಾರ್ಡಿನ ನರ್ಸ್ ಆಗಿ ಹೇಳುತ್ತೇನೆ, ನೀವು ಬರೆದಿರುವುದರಲ್ಲಿ ಇವತ್ತೇ ಆಸ್ಪತ್ರೆಗೆ ಓಡಬೇಕಾದ್ದು ಏನೂ ಕಾಣುತ್ತಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ನೀವು ಕೊನೆಯಲ್ಲಿ ಸುಮ್ಮನೆ ಸೇರಿಸಿದ ಎರಡು ಮಾತು. ನಾಲ್ಕೈದು ದಿನಕ್ಕೊಮ್ಮೆ ಮಲವಿಸರ್ಜನೆ ಎಂಬುದು ಒಂದು. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗುತ್ತಾರೆ ಎಂಬುದು ಇನ್ನೊಂದು. ಬಾತ್‌ರೂಮಿಗೆ ನಡೆದು ಹೋಗುವಷ್ಟು ಚೇತರಿಸಿಕೊಂಡವರಿಗೆ ಪೈಪು ಇನ್ನೂ ಯಾಕಿದೆ? ಇದನ್ನು ಏಳು ವಾರದಲ್ಲಿ ಯಾರೂ ಕೇಳಿದಂತಿಲ್ಲ. ಹಾಕಿದ ಡಾಕ್ಟರು ಬೇರೆ, ಡಿಸ್ಚಾರ್ಜ್ ಮಾಡಿದವರು ಬೇರೆ, ಮನೆಗೆ ಬಂದು ಬದಲಿಸಿದವರು ಬೇರೆ ಆದಾಗ ಹೀಗಾಗುವುದನ್ನು ಬಹಳ ನೋಡಿದ್ದೇನೆ.

ಮೊದಲು ಆ ನೇರಳೆ ಬಣ್ಣದ ಭಯ ಕಳೆಯೋಣ. ನೋಡಲು ಗಾಬರಿಯಾಗುವಂತಿದ್ದರೂ ಬಣ್ಣದಿಂದ ಅಪಾಯವಿಲ್ಲ. ಊಟದ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಂಶವಿದೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ, ಲಿವರ್ ಅದನ್ನು ಮತ್ತೊಂದು ರೂಪಕ್ಕೆ ತಿರುಗಿಸುತ್ತದೆ, ಅದು ಮೂತ್ರದಲ್ಲಿ ಹೊರಬರುತ್ತದೆ. ಅಲ್ಲಿಯವರೆಗೂ ಬಣ್ಣವಿಲ್ಲ. ಪೈಪು ಮತ್ತು ಚೀಲದಲ್ಲಿ ನೆಲೆಸಿದ ಕೆಲವು ಬ್ಯಾಕ್ಟೀರಿಯಾ ಅದನ್ನು ಇಂಡಿಗೊ ಎಂಬ ನೀಲಿ ಮತ್ತು ಇಂಡಿರುಬಿನ್ ಎಂಬ ಕೆಂಪು ಬಣ್ಣಗಳಾಗಿ ಮಾಡುತ್ತವೆ. ಎರಡೂ ಸೇರಿ ಪ್ಲಾಸ್ಟಿಕ್ಕಿಗೆ ಹಿಡಿದುಕೊಂಡಾಗ ನೇರಳೆ. ಬೇಕಾದರೆ ಚೀಲದ ಮೂತ್ರವನ್ನು ಪಾರದರ್ಶಕ ಪಾತ್ರೆಗೆ ಸುರಿದು ನೋಡಿ. ಮೂತ್ರ ಬಹುತೇಕ ಮಾಮೂಲಿ ಹಳದಿಯೇ ಇದ್ದು, ನೇರಳೆಯೆಲ್ಲ ಚೀಲದ ಗೋಡೆಗೆ ಅಂಟಿರುವುದೂ ಉಂಟು. ಮಲಬದ್ಧತೆ ಇದ್ದವರಲ್ಲಿ ಇದು ಹೆಚ್ಚು, ಏಕೆಂದರೆ ಆಹಾರದ ಶೇಷ ಕರುಳಿನಲ್ಲಿ ಕೂತಷ್ಟೂ ಬಣ್ಣಕ್ಕೆ ಮೂಲವಾಗುವ ಆ ವಸ್ತು ಹೆಚ್ಚು ತಯಾರಾಗುತ್ತದೆ. ಚೀಲ ಬದಲಿಸಿ, ಹೊಟ್ಟೆ ಸರಿಮಾಡಿ. ನೇರಳೆ ಬಣ್ಣಕ್ಕೆಂದೇ ಮಾತ್ರೆ ಬೇಡ.

ಬಣ್ಣದ ವಿಷಯದಲ್ಲೇ ಒಂದು ಮಾತು. ಟಿಬಿಗೆ ಕೊಡುವ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಕೆಂಪಾಗಿಸುತ್ತದೆ, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟೊಯಿನ್ ಕಂದಾಗಿಸುತ್ತದೆ. ಹೊಸ ಮಾತ್ರೆ ಶುರುವಾದ ಮೇಲೆ ಬಣ್ಣ ಬದಲಾದರೆ ಮೊದಲು ಮಾತ್ರೆಯ ಹೆಸರು ನೋಡಿ. ಆದರೆ ರಕ್ತದ ಕೆಂಪು, ಅದರಲ್ಲೂ ಹೆಪ್ಪುಗಟ್ಟಿದ ತುಣುಕುಗಳು ಕಂಡರೆ ತೋರಿಸಲೇಬೇಕು.

ರಿಪೋರ್ಟಿನ ಇನ್‌ಫೆಕ್ಷನ್ ಮತ್ತು ನಿಜವಾದ ಇನ್‌ಫೆಕ್ಷನ್

ಆರೋಗ್ಯವಂತರ ಮೂತ್ರಕೋಶ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು ಒಂದರಿಂದ ಎರಡು ಲೀಟರ್ ಮೂತ್ರ ಇಳಿಸುತ್ತವೆ. ಕೋಶದಲ್ಲಿ 150ರಿಂದ 250 ಮಿ.ಲೀ. ತುಂಬುವ ಹೊತ್ತಿಗೆ ಹೋಗಬೇಕೆನಿಸುತ್ತದೆ, 400-500 ಆದಾಗ ತಡೆಯುವುದು ಕಷ್ಟ. ಪ್ರತಿ ಸಲ ಪೂರ್ತಿ ಖಾಲಿಯಾಗುವುದರಿಂದ ಒಳಗೆ ಸೇರಿದ ನಾಲ್ಕಾರು ಬ್ಯಾಕ್ಟೀರಿಯಾ ಕೊಚ್ಚಿಹೋಗುತ್ತವೆ. ಪೈಪು ಇದ್ದಾಗ ಈ ಏರ್ಪಾಡೇ ಇಲ್ಲ. ಪೈಪು ಜಾರಿ ಬರದಂತೆ ಕೋಶದೊಳಗೆ ಅದರ ತುದಿಯಲ್ಲಿ ನೀರು ತುಂಬಿದ ಪುಟ್ಟ ಬಲೂನ್ ಇರುತ್ತದೆ, ಅದರ ಕೆಳಗೆ ಸ್ವಲ್ಪ ಮೂತ್ರ ಯಾವಾಗಲೂ ನಿಂತಿರುತ್ತದೆ. ನೀರಿನ ತೊಟ್ಟಿಯ ಒಳಗೋಡೆಗೆ ಪಾಚಿ ಕಟ್ಟುವಂತೆ ಪೈಪಿನ ಒಳಗೂ ಹೊರಗೂ ಬ್ಯಾಕ್ಟೀರಿಯಾದ ಲೋಳೆ ಪದರ ಬೆಳೆಯುತ್ತದೆ. ಪೈಪು ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇ. 3ರಿಂದ 7. ತಿಂಗಳು ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತವೆ, ಎಷ್ಟೇ ಚೊಕ್ಕಟವಾಗಿ ನೋಡಿಕೊಂಡರೂ. ನಿಮ್ಮ ಆರೈಕೆಯಲ್ಲಿ ಲೋಪವಿದೆ ಎಂದಲ್ಲ.

ಹಾಗಾಗಿ ಏಳು ವಾರದ ಪೈಪಿನ ಮೂತ್ರವನ್ನು ಟೆಸ್ಟಿಗೆ ಕೊಟ್ಟರೆ ಬ್ಯಾಕ್ಟೀರಿಯಾ ಸಿಗದಿದ್ದರೇ ಆಶ್ಚರ್ಯ. ಅದೂ ಚೀಲದಿಂದ ತೆಗೆದ ಮೂತ್ರ! ಅದು ಗಂಟೆಗಟ್ಟಲೆ ಬೆಚ್ಚಗೆ ನಿಂತಿರುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಬೆಳೆದಿರುತ್ತವೆ. ಟೆಸ್ಟ್ ನಿಜವಾಗಿ ಬೇಕಾದಾಗ ಹಳೆಯ ಪೈಪು ತೆಗೆದು ಹೊಸದು ಹಾಕಿ, ಅದರ ಸ್ಯಾಂಪಲ್ ಪೋರ್ಟಿನಿಂದ (ಟೆಸ್ಟಿಗೆ ಮೂತ್ರ ತೆಗೆಯಲೆಂದೇ ಇರುವ ಜಾಗ) ಮೂತ್ರ ತೆಗೆಯಬೇಕು.

ತೊಂದರೆ ಇಲ್ಲದಿದ್ದರೂ ರಿಪೋರ್ಟ್ ನೋಡಿ ಆ್ಯಂಟಿಬಯೋಟಿಕ್ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನೀವೇ ಎರಡು ಸಲ ಕಂಡಿದ್ದೀರಿ. ಲೋಳೆ ಪದರದೊಳಗೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಮೆದು ಜಾತಿಯವು ಸಾಯುತ್ತವೆ, ಗಟ್ಟಿ ಜಾತಿಯವು ಉಳಿದು ಜಾಗ ಹಿಡಿಯುತ್ತವೆ. ನಾಳೆ ನಿಜವಾಗಿ ಜ್ವರ ಬಂದಾಗ ಆ ಮಾತ್ರೆ ನಾಟದೇ ಹೋಗಬಹುದು. ಮೇಲೆ ವಯಸ್ಸಾದವರಿಗೆ ಭೇದಿಯ ಕಾಟ ಬೇರೆ. ಬರೀ ವಾಸನೆ, ಬರೀ ಮಬ್ಬು ಇದ್ದರೆ ಔಷಧ ಬೇಡ ಎನ್ನುವುದೇ ಈಗಿನ ಪದ್ಧತಿ. ಮೂತ್ರಮಾರ್ಗದಲ್ಲಿ ಗಾಯವಾಗುವಂಥ ಆಪರೇಷನ್ ಇದ್ದಾಗ, ಅಥವಾ ಗರ್ಭಿಣಿಯರಲ್ಲಿ ಲೆಕ್ಕ ಬೇರೆ.

ಚಿಕಿತ್ಸೆ ಬೇಕಾದ ಇನ್‌ಫೆಕ್ಷನ್ ಮನುಷ್ಯನಲ್ಲಿ ಕಾಣಿಸುತ್ತದೆ: 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ ನಡುಕ, ಪಕ್ಕೆಲುಬಿನ ಕೆಳಗೆ ಬೆನ್ನಿನ ಪಕ್ಕದಲ್ಲಿ ನೋವು, ಕಿಬ್ಬೊಟ್ಟೆಯಲ್ಲಿ ಹೊಸದಾಗಿ ಶುರುವಾದ ನೋವು, ರಕ್ತ, ಬಿಪಿ ಇಳಿದು ಮಂಕಾಗುವುದು. ಇವು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಕಾಯಬೇಡಿ. ನಡುಕ ಅಥವಾ ಮಂಕು ಇದ್ದರಂತೂ ರಾತ್ರಿಯೆಂದು ನೋಡದೆ ಕರೆದೊಯ್ಯಿರಿ. ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲದ ಮಾತಾಡಿದರೆ ‘ಯೂರಿನ್ ಇನ್‌ಫೆಕ್ಷನ್ ಇರಬೇಕು’ ಎಂದು ಆಸ್ಪತ್ರೆಯಲ್ಲೂ ಥಟ್ಟನೆ ಹೇಳಿಬಿಡುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ನೀರು ಸಾಲದಿರುವುದು, ಹೊಟ್ಟೆ ಕಟ್ಟಿರುವುದು, ನಿದ್ದೆ ಮಾತ್ರೆ, ನೋವಿನ ಮಾತ್ರೆ ಇವೆಲ್ಲ ಅಷ್ಟೇ ಗೊಂದಲ ತರುತ್ತವೆ. ಗೊಂದಲ ಹೊಸದಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಆದರೆ ಎಲ್ಲವನ್ನೂ ಮೂತ್ರದ ತಲೆಗೆ ಕಟ್ಟಬೇಡಿ.

ವಾಸನೆಗೆ ಮದ್ದು ಸರಳ. ಮಾವನವರು ನೀರು ಕಡಿಮೆ ಮಾಡಿದ್ದಾರೆ, ಮೂತ್ರ ಗಟ್ಟಿಯಾಗಿ ನಾರುತ್ತದೆ. ಹೃದಯದ ಅಥವಾ ಕಿಡ್ನಿಯ ತೊಂದರೆಗೆ ಡಾಕ್ಟರು ನೀರಿಗೆ ಮಿತಿ ಹಾಕಿಲ್ಲವಾದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೊಟ್ಟೆಗೆ ಹೋಗಲಿ, ಬೆಳಗಿನಿಂದ ಸಂಜೆಯೊಳಗೆ ಹೆಚ್ಚಿನ ಪಾಲು. ಪೈಪಿನಲ್ಲಿ ಇಳಿಯುವ ಮೂತ್ರ ತೆಳು ಹಳದಿ ಇದ್ದರೆ ಸಾಕು. ನೀರು ಕಡಿಮೆಯಾದಷ್ಟೂ ಲವಣದ ಹರಳು ಕಟ್ಟಿ ಪೈಪು ಮುಚ್ಚಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ‘ನಮಗೆ ತೊಂದರೆ ಕೊಡಬಾರದು’ ಅಂತ ಅವರು ಮಾಡುತ್ತಿರುವುದೇ ಎಲ್ಲರಿಗೂ ತೊಂದರೆ ಹೆಚ್ಚಿಸುತ್ತಿದೆ ಎಂದು ಮೃದುವಾಗಿ ಹೇಳಿ.

ಸೋರಿಕೆ ಮತ್ತು ದಪ್ಪ ಪೈಪು

ಪಕ್ಕದಿಂದ ಸೋರುತ್ತಿದೆ ಅಂದರೆ ಪೈಪು ಸಣ್ಣದಾಯಿತು ಎಂದೇ ಎಲ್ಲರ ಲೆಕ್ಕ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಮೂತ್ರ ಪೈಪಿನೊಳಗೆ ಹೋಗಲು ಎಲ್ಲೋ ಅಡ್ಡಿ ಇರುತ್ತದೆ, ಅಥವಾ ಮೂತ್ರಕೋಶ ಬಲೂನಿನ ಮೇಲೆ ಸಿಟ್ಟಿಗೆದ್ದು ಹಿಂಡಿಕೊಳ್ಳುತ್ತದೆ. ಹಿಂಡಿದಾಗ ಮೂತ್ರ ಪೈಪಿನ ಹೊರಮೈ ಗುಂಟ ನುಗ್ಗುತ್ತದೆ. ಆಗ ಅವರಿಗೆ ಕಿಬ್ಬೊಟ್ಟೆ ಹಿಡಿದಂತೆ, ಅರ್ಜೆಂಟಾಗಿ ಒಂದಕ್ಕೆ ಬಂದಂತೆ ಆಗುತ್ತದೆ, ಕೇಳಿ ನೋಡಿ. ದಪ್ಪ ಪೈಪು ಹಾಕಿದರೆ ಈ ಹಿಂಡುವಿಕೆ ಹೆಚ್ಚುತ್ತದೆ, ಒಳಗಿನ ತೆಳು ಚರ್ಮ ಒತ್ತಿಕೊಂಡು ಗಾಯವಾಗುತ್ತದೆ. ಪೈಪಿನ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಮೂರು ಫ್ರೆಂಚ್ ಎಂದರೆ ಒಂದು ಮಿ.ಮೀ. ದೊಡ್ಡವರಿಗೆ ಸಾಮಾನ್ಯವಾಗಿ 14 ಅಥವಾ 16 ಸಾಕು, ಬಲೂನಿಗೆ 10 ಮಿ.ಲೀ. ಸ್ಟೆರೈಲ್ ನೀರು ಸಾಕು. ಮನೆಯಲ್ಲಿರುವ ಪೈಪಿನ ಕವರ್ ಮೇಲೆ ಎರಡೂ ಬರೆದಿರುತ್ತವೆ.

ಸೋರಿದಾಗ ನೀವು ಮಾಡಬೇಕಾದ್ದು ಇಷ್ಟು. ಕೈ ತೊಳೆದುಕೊಂಡು, ಪೈಪು ದೇಹದಿಂದ ಹೊರಬಂದ ಜಾಗದಿಂದ ಚೀಲದವರೆಗೆ ಬೆರಳಾಡಿಸುತ್ತಾ ಹೋಗಿ. ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯಾ, ಮಡಿಚಿದೆಯಾ, ಹಾಸಿಗೆಯ ಪಕ್ಕದಲ್ಲಿ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿದೆಯಾ ನೋಡಿ. ಜೋತುಬಿದ್ದ ತಿರುವಿನಲ್ಲಿ ಮೂತ್ರ ನಿಂತರೆ ಮೇಲಿನದು ಇಳಿಯುವುದಿಲ್ಲ. ಚೀಲ ತುಂಬಿ ಬಿಗಿದಿದೆಯಾ, ಮೂತ್ರಕೋಶದ ಮಟ್ಟಕ್ಕಿಂತ ಮೇಲಿದೆಯಾ? ಇದೆಲ್ಲ ಸರಿಯಿದ್ದರೆ ಹೊಟ್ಟೆಯ ಕಡೆ ತಿರುಗಿ. ಗುದನಾಳದಲ್ಲಿ ಗಟ್ಟಿ ಮಲ ಕೂತರೆ ಅದು ಪಕ್ಕದಲ್ಲೇ ಇರುವ ಮೂತ್ರಕೋಶವನ್ನೂ ಪೈಪನ್ನೂ ಒತ್ತುತ್ತದೆ. ನಿಮ್ಮ ಮಾವನವರ ಸೋರಿಕೆಗೆ ಮೊದಲ ಅನುಮಾನ ನನಗೆ ಇದರ ಮೇಲೇ. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್ ತರಹದ್ದು ಇದ್ದರೆ ಅದು ಮಲವನ್ನೂ ಕಟ್ಟುತ್ತದೆ, ಮೂತ್ರವನ್ನೂ ಕಟ್ಟುತ್ತದೆ. ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ಇನ್ನೂ ಬೇಕಾ ಎಂದು ಕೇಳಿ. ಮಲ ಸಡಿಲಿಸುವ ಔಷಧವನ್ನೂ ಆಗಲೇ ಬರೆಸಿಕೊಳ್ಳಿ.

ಚೀಲಕ್ಕೆ ಮೂರ್ನಾಲ್ಕು ಗಂಟೆ ಹನಿಯೂ ಬಿದ್ದಿಲ್ಲ, ಕಿಬ್ಬೊಟ್ಟೆ ಉಬ್ಬಿದೆ, ಚಡಪಡಿಸುತ್ತಿದ್ದಾರೆ ಎಂದರೆ ಪೈಪು ಮುಚ್ಚಿದೆ. ಅದು ತುರ್ತು. ಮನೆಯಲ್ಲಿ ಸಿರಿಂಜಿನಿಂದ ನೀರು ನುಗ್ಗಿಸಬೇಡಿ, ತರಬೇತಿಯಿರುವ ನರ್ಸ್ ಬದಲಿಸಲಿ.

ಪೈಪನ್ನು ತೊಡೆಗೆ ಭದ್ರ ಮಾಡಿದ್ದೀರಾ? ನೀವು ಬರೆದಿಲ್ಲ. ಗಂಡಸರ ಮೂತ್ರದ್ವಾರದ ನಾಳ ಸುಮಾರು 20 ಸೆಂ.ಮೀ. ಉದ್ದ, ನಡುವೆ ತಿರುವುಗಳಿವೆ. ತುಂಬಿದ ಚೀಲದ ಭಾರವೆಲ್ಲ ತುದಿಯ ಮೇಲೆ ಬಿದ್ದರೆ ಅಲ್ಲಿ ಸೀಳಿಕೊಂಡು ಹೋಗುತ್ತದೆ, ವಾರ್ಡಿನಲ್ಲಿ ಅಂಥವರನ್ನು ಕಂಡಿದ್ದೇನೆ. ತೊಡೆಯ ಮೇಲ್ಭಾಗದಲ್ಲಿ ಟೇಪ್ ಅಥವಾ ಪಟ್ಟಿಯಿಂದ ಹಿಡಿಸಿ. ಅಂಟಿಸುವ ಮೊದಲು ಮಾವನವರಿಗೆ ಕಾಲು ಅಗಲಿಸಿ, ಮಡಿಚಿ ತೋರಿಸಲು ಹೇಳಿ. ಆಗಲೂ ಪೈಪು ಎಳೆಯದಷ್ಟು ಸಡಿಲ ಉಳಿದಿರಬೇಕು. ದಿನಕ್ಕೊಮ್ಮೆ ಟೇಪಿನ ಜಾಗ ಬದಲಿಸಿ.

ದಿನದ ಶುಚಿಗೆ ಸೋಪು ನೀರು ಸಾಕು, ಡೆಟಾಲ್ ಬೆಟಾಡಿನ್ ಯಾವುದೂ ಬೇಡ. ಮುಂದೊಗಲನ್ನು ಹಿಂದೆ ಸರಿಸಿ ತೊಳೆದ ಮೇಲೆ ಮರೆಯದೆ ಮುಂದಕ್ಕೆ ತನ್ನಿ. ಹಾಗೇ ಬಿಟ್ಟರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಚೀಲ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಖಾಲಿ ಮಾಡುವಾಗ ಚೀಲದ ಬಾಯಿ ಪಾತ್ರೆಗೆ ತಾಗಬಾರದು, ಪೈಪು ಮತ್ತು ಚೀಲ ಕೂಡುವ ಜಾಗವನ್ನು ಸುಮ್ಮಸುಮ್ಮನೆ ಬಿಚ್ಚಬಾರದು.

ಪೈಪು ಕಟ್ಟಿಡುವ ವ್ಯಾಯಾಮದ ಮಾತು ನಮ್ಮ ವೃತ್ತಿಯಲ್ಲೇ ಹುಟ್ಟಿದ್ದು, ನಿಮ್ಮವರದ್ದಲ್ಲ. ತೆಗೆಯುವ ಮೊದಲು ಕ್ಲ್ಯಾಂಪ್ ಮಾಡುವುದನ್ನು ತಲೆಮಾರುಗಳಿಂದ ಕಲಿಸಿದ್ದಾರೆ. ಅಧ್ಯಯನಗಳಲ್ಲಿ ಅದರಿಂದ ಮೂತ್ರ ಬೇಗ ಸಲೀಸಾಗುವ ಲಾಭ ಕಂಡಿಲ್ಲ. ಕಟ್ಟಿದವರು ಮರೆತು ಮಲಗಿದರೆ ಕೋಶ ಬಿಗಿದು ಹೋಗುತ್ತದೆ ಎನ್ನುವುದು ಮಾತ್ರ ಖಚಿತ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಇದು ಬಿಪಿಯನ್ನು ಜೀವಕ್ಕೆ ಅಪಾಯವಾಗುವಷ್ಟು ಏರಿಸಬಲ್ಲದು. ಬಿಟ್ಟುಬಿಡಿ.

ತೆಗೆಸುವ ವಿಚಾರ

ಈ ಬಲೂನಿನ ಪೈಪಿಗೆ ಫೋಲಿ ಕ್ಯಾಥೆಟರ್ ಎನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ಅದನ್ನು ರೂಪಿಸಿದ್ದು ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿರುವ ಗ್ರಂಥಿ) ಆಪರೇಷನ್ ನಂತರದ ರಕ್ತಸ್ರಾವ ಹತೋಟಿಗೆ ತರಲು, ಕೆಲವು ದಿನದ ಮಟ್ಟಿಗೆ. ತಿಂಗಳುಗಟ್ಟಲೆ ಬಿಡುವುದು ಬೇರೆ ದಾರಿ ಇಲ್ಲದವರಿಗೆ.

ಮಾವನವರಿಗೆ ಮೂತ್ರ ಕಟ್ಟಿದ್ದು ಯಾಕಿರಬಹುದು? ಬೆನ್ನಿಗೆ ಕೊಟ್ಟ ಅರಿವಳಿಕೆ, ಗಟ್ಟಿ ನೋವಿನ ಇಂಜೆಕ್ಷನ್, ಮಲಗಿದಲ್ಲೇ ಇರುವುದು, ಮಲಬದ್ಧತೆ, ಇವುಗಳ ಜೊತೆಗೆ ಈ ವಯಸ್ಸಿನಲ್ಲಿ ಸಾಮಾನ್ಯವಾದ ದಪ್ಪಗಾದ ಪ್ರಾಸ್ಟೇಟ್. ಮೊದಲ ಮೂರು ಮುಗಿದಿವೆ ಅಥವಾ ಮುಗಿಯುತ್ತಾ ಬಂದಿವೆ. ನಾಲ್ಕನೆಯದು ನಿಮ್ಮ ಕೈಲಿದೆ. ಐದನೆಯದಕ್ಕೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಇದೆ, ಅದು ಪ್ರಾಸ್ಟೇಟ್ ಸುತ್ತಲಿನ ಬಿಗಿತ ಸಡಿಲಿಸುತ್ತದೆ. ಆದ್ದರಿಂದ ಯುರಾಲಜಿ ಡಾಕ್ಟರಲ್ಲಿ ‘ಪೈಪು ತೆಗೆದು ಒಮ್ಮೆ ಟ್ರಯಲ್ ಕೊಡಬಹುದಾ’ ಎಂದು ನೇರವಾಗಿ ಕೇಳಿ. ಕೇಳದಿದ್ದರೆ ಇದು ಎರಡನೇ ಸಲ ಬದಲಾಗುತ್ತದೆ, ಮೂರನೇ ಸಲ ಬದಲಾಗುತ್ತದೆ.

ಟ್ರಯಲ್ ನಡೆಯುವುದು ಹೀಗೆ. ಮಾತ್ರೆಯನ್ನು ಕೆಲವು ದಿನ ಮೊದಲೇ ಶುರುಮಾಡುತ್ತಾರೆ. ಹೊಟ್ಟೆ ಖಾಲಿಯಾಗಿರುವಂತೆ ನೋಡಿಕೊಳ್ಳುತ್ತಾರೆ. ಮಲ ತುಂಬಿರುವಾಗ ಟ್ರಯಲ್ ಕೊಡುವುದು ವ್ಯರ್ಥ. ಬೆಳಿಗ್ಗೆ ತೆಗೆದರೆ ಒಳ್ಳೆಯದು, ತೊಂದರೆ ಆದರೂ ಹಗಲಿನಲ್ಲೇ ಗೊತ್ತಾಗುತ್ತದೆ. ಸಿರಿಂಜಿನಿಂದ ಬಲೂನಿನ ನೀರನ್ನು ಪೂರ್ತಿ ತೆಗೆದ ಮೇಲಷ್ಟೇ ಪೈಪು ಹೊರಗೆ ಬರಬೇಕು. ಕತ್ತರಿಸಿದರೆ ತಾನೇ ಬರುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ, ನೀರು ಇಳಿಯದೆ ಪೈಪು ಒಳಗೇ ಸಿಕ್ಕಿಕೊಳ್ಳಬಹುದು. ಆಮೇಲೆ ಮಾಮೂಲಿನಂತೆ ನೀರು ಕುಡಿಯಲಿ, ಗಟಗಟನೆ ಲೀಟರ್ ಕುಡಿಸುವುದು ಬೇಡ. ಒಂದಕ್ಕೆ ಹೋಗುವಾಗ ನಿಲ್ಲಲಿ ಅಥವಾ ಕಾಲು ನೆಲಕ್ಕೂರಿ ಕೂರಲಿ, ಮಲಗಿದಲ್ಲಿ ಬರುವುದು ಕಷ್ಟ. ಬಾಗಿಲ ಹೊರಗೆ ನಿಂತು ‘ಬಂತಾ, ಬಂತಾ’ ಎಂದು ಕೇಳಬೇಡಿ.

ನಾಲ್ಕರಿಂದ ಆರು ಗಂಟೆಯೊಳಗೆ ಬರುವುದು ವಾಡಿಕೆ. ಪ್ರತಿ ಸಲ ಎಷ್ಟು ಬಂತೆಂದು ಅಳೆದು ಬರೆದಿಡಿ. ಮೊದಲೆರಡು ದಿನ ಸ್ವಲ್ಪ ಉರಿ, ಪದೇ ಪದೇ ಹೋಗಬೇಕೆನಿಸುವುದು, ಬಟ್ಟೆಗೆ ಹನಿ ಬೀಳುವುದು ಸಹಜ. ಹೋಗಿ ಬಂದ ಕೂಡಲೇ ಸ್ಕ್ಯಾನ್‌ನಲ್ಲಿ ಕೋಶದಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. 100 ಮಿ.ಲೀ. ಒಳಗಿದ್ದರೆ ಸಂತೋಷ, 300 ದಾಟಿದರೆ ಯೋಚಿಸಬೇಕು. ಆರು ಗಂಟೆಯಾದರೂ ಬರದಿದ್ದರೆ, ಅಥವಾ ಅದಕ್ಕೂ ಮೊದಲೇ ಹೊಟ್ಟೆ ಬಿಗಿದು ನೋವಾದರೆ ಆಸ್ಪತ್ರೆಗೆ. ಹಾಗಾಗಿ ಟ್ರಯಲ್ಲಿಗೆ ರಜೆಯ ಹಿಂದಿನ ದಿನ ಆರಿಸಬೇಡಿ.

ಮತ್ತೆ ಕಟ್ಟಿಕೊಳ್ಳುತ್ತದಾ ಎಂದು ಕೇಳಿದ್ದೀರಿ. ಕಟ್ಟಿಕೊಳ್ಳಬಹುದು, ಇಲ್ಲವೆಂದು ಯಾರೂ ಬರೆದುಕೊಡಲಾರರು. ಹಾಗಾದರೆ ಮತ್ತೆ ಪೈಪು ಹಾಕಿ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆಗಲೂ ಆಗದಿದ್ದರೆ ದಾರಿಗಳಿವೆ. ದಿನಕ್ಕೆ ನಾಲ್ಕಾರು ಸಲ ತೆಳು ಪೈಪು ತೂರಿಸಿ ಖಾಲಿ ಮಾಡಿ ತೆಗೆದುಬಿಡುವ ವಿಧಾನ ನನಗೆ ಬಹಳ ಮೆಚ್ಚು. 1972ರಲ್ಲಿ ಜ್ಯಾಕ್ ಲಾಪಿಡೆಸ್ ಎಂಬ ಡಾಕ್ಟರು ಇದಕ್ಕೆ ಶುದ್ಧವಾದ ಕೈ ಸಾಕು, ಆಪರೇಷನ್ ಥಿಯೇಟರಿನ ಮಡಿ ಬೇಡ ಎಂದು ತೋರಿಸಿಕೊಟ್ಟರು. ಒಂದು ಸಲಕ್ಕೆ 400-500 ಮಿ.ಲೀ. ಮೀರದಂತೆ ಹೊತ್ತು ಹೊಂದಿಸಬೇಕು. ಕೈ ನಡುಗದ, ಕಣ್ಣು ಕಾಣುವ, ಮನಸ್ಸು ಒಪ್ಪುವ ರೋಗಿ ಬೇಕು, ಇಲ್ಲವೇ ಮಾಡುವವರು ಮನೆಯಲ್ಲಿರಬೇಕು. ಪ್ರಾಸ್ಟೇಟ್ ದೊಡ್ಡದಿದ್ದರೆ ತೂರಿಸುವಾಗ ರಕ್ತ ಬರಬಹುದು. ಕಿಬ್ಬೊಟ್ಟೆಯ ಮೂಲಕ ಪೈಪು ಹಾಕಿಸಿಕೊಳ್ಳುವುದು ಇನ್ನೊಂದು. ಮೂತ್ರದ್ವಾರಕ್ಕೆ ಗಾಯವಾಗುವುದಿಲ್ಲ, ಆದರೆ ಬ್ಯಾಕ್ಟೀರಿಯಾದ ಸಮಸ್ಯೆ ಅಲ್ಲೂ ಇದೆ, ಹಾಕುವಾಗ ಕರುಳಿಗೆ ತಾಗುವ ಸಣ್ಣ ಅಪಾಯವೂ ಇದೆ. ಅಡ್ಡಿ ಪ್ರಾಸ್ಟೇಟಿನದೇ ಆಗಿದ್ದು ಮೈ ಗಟ್ಟಿಯಿದ್ದರೆ ಅದರ ಆಪರೇಷನ್. ಇವೆಲ್ಲ ಬೇಡವೆಂದಾದರೆ ಪೈಪೇ ಇರಲಿ, ಆಗ ಸಿಲಿಕೋನ್‌ನದು ಕೇಳಿ. ಮುಚ್ಚಿಕೊಳ್ಳದಿದ್ದರೆ ಅದನ್ನು 12 ವಾರದವರೆಗೆ ಇಡಬಹುದು, ಸಾಮಾನ್ಯ ಲೇಟೆಕ್ಸ್ ಪೈಪನ್ನು ಅಷ್ಟು ದಿನ ಇಡುವಂತಿಲ್ಲ.

ಇನ್ನು ಡೈಪರ್. ಮೂತ್ರ ತಡೆಯಲಾಗದವರಿಗೆ ಅದು ಉಪಾಯ, ಮೂತ್ರ ಕಟ್ಟಿಕೊಂಡವರಿಗಲ್ಲ. ಕೋಶ ತುಂಬಿ ತುಳುಕಿ ಹನಿಹನಿ ಸೋರುತ್ತಿದ್ದರೆ ಡೈಪರ್ ಒದ್ದೆಯಾಗುತ್ತಲೇ ಇರುತ್ತದೆ, ‘ಸರಿಯಾಗಿ ಹೋಗುತ್ತಿದ್ದಾರೆ’ ಎಂದು ನಾವು ನಂಬುತ್ತೇವೆ, ಒಳಗೆ ಕಿಡ್ನಿಗೆ ಒತ್ತಡ ಏರುತ್ತಿರುತ್ತದೆ. ಕಾಂಡೋಮಿನಂತೆ ಹೊರಗಿನಿಂದ ಹಾಕಿ ಚೀಲಕ್ಕೆ ಜೋಡಿಸುವ ಕಾಂಡೋಮ್ ಕ್ಯಾಥೆಟರಿಗೂ ಇದೇ ಮಾತು. ಸ್ಕ್ಯಾನ್‌ನಲ್ಲಿ ಕೋಶ ಖಾಲಿಯಾಗುತ್ತಿದೆ ಎಂದು ಗೊತ್ತಾದ ಮೇಲೆ ರಾತ್ರಿಯ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಬಳಸಿ, ತಪ್ಪಿಲ್ಲ. ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಒತ್ತಡ ಬರಲಿ ಬಿಡಲಿ ಬಾತ್‌ರೂಮಿಗೆ ಕರೆದೊಯ್ಯಿರಿ.

ರಾತ್ರಿಯ ಬಗ್ಗೆ ಮಾತ್ರ ಎಚ್ಚರ. ಪೈಪು ತೆಗೆದ ಹೊಸದರಲ್ಲಿ ಅರ್ಜೆಂಟಾಗಿ ಎದ್ದು ಓಡುವವರು ಬೀಳುತ್ತಾರೆ, ನಿಮ್ಮ ಮಾವನವರಿಗೆ ಆಗಲೇ ಒಂದು ಮೂಳೆ ಮುರಿದಿದೆ. ಟ್ಯಾಮ್ಸುಲೋಸಿನ್ ತೆಗೆದುಕೊಂಡವರಿಗೆ ಥಟ್ಟನೆ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಂಚದ ಪಕ್ಕ ಕೈಗೆ ಸಿಗುವಂತೆ ಯೂರಿನಲ್ ಇಡಿ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತೇ ಏಳಬೇಕು ಎಂದು ಅಭ್ಯಾಸ ಮಾಡಿಸಿ, ಸಣ್ಣ ದೀಪ ಉರಿಯುತ್ತಿರಲಿ. ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ದಿನದ ಲೆಕ್ಕ ಬರೆದುಕೊಳ್ಳಿ: ಕುಡಿದ ನೀರೆಷ್ಟು, ಚೀಲದಿಂದ ಸುರಿದದ್ದೆಷ್ಟು, ಮಲವಿಸರ್ಜನೆ ಯಾವಾಗ, ಸೋರಿದ್ದು ಯಾವ ಹೊತ್ತಿನಲ್ಲಿ. ಡಿಸ್ಚಾರ್ಜ್ ಹಾಳೆ, ಪೂರ್ತಿ ಮಾತ್ರೆ ಪಟ್ಟಿ, ಪೈಪು ಬದಲಿಸಿದ ತಾರೀಖು ಜೊತೆಗಿರಲಿ.